ಬಾಲ್‌ಪಾರ್ಕ್ ನೋಡದವನ ತಕರಾರು

ಕೆಲಸಕ್ಕೆ ಸೇರಿದ ಮೊದಲ ತಿಂಗಳು. ಮೀಟಿಂಗಲ್ಲಿ ಮ್ಯಾನೇಜರ್ "ಒಂದು ಬಾಲ್‌ಪಾರ್ಕ್ ಫಿಗರ್ ಕೊಡಿ" ಅಂದ್ರು. ಎಷ್ಟು ದಿನದ ಕೆಲಸ ಅಂತ ನನಗೆ ಗೊತ್ತಿತ್ತು. ಅವರು ಕೇಳಿದ್ದೇನು ಅಂತ ಗೊತ್ತಾಗ್ಲಿಲ್ಲ. ಸುಮ್ಮನೆ ಕೂತೆ. ವರ್ಷದ ಕೊನೆಗೆ ಅಪ್ರೈಸಲ್‌ನಲ್ಲಿ 'ಕಮ್ಯುನಿಕೇಶನ್ ಸುಧಾರಿಸಬೇಕು' ಅಂತ ಬಂತು.

ಬಾಲ್‌ಪಾರ್ಕ್ ಅಂದ್ರೆ ಅಮೆರಿಕದ ಬೇಸ್‌ಬಾಲ್ ಮೈದಾನ. ಅಲ್ಲಿ ಕೂತು ಆಟ ನೋಡಿದವರು ನಮ್ಮ ಫ್ಲೋರ್‌ನಲ್ಲಿ ಎಷ್ಟು ಜನ?

'ಸ್ಕ್ರಮ್' ರಗ್ಬಿಯದು. 1986ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ತಕೆಉಚಿ ಮತ್ತು ನೊನಾಕಾ ಎಂಬ ಇಬ್ಬರು ಜಪಾನಿ ಪ್ರಾಧ್ಯಾಪಕರು, ಹೊಸ ವಸ್ತು ತಯಾರಿಸುವ ತಂಡವನ್ನು ರಗ್ಬಿ ತಂಡಕ್ಕೆ ಹೋಲಿಸಿದರು. ಅಲ್ಲಿಂದ ಅದು ಸಾಫ್ಟ್‌ವೇರ್‌ಗೆ ಬಂತು. ರಗ್ಬಿಯಲ್ಲಿ ಒಂದೊಂದು ಕಡೆ ಎಂಟೆಂಟು ಜನ ಹೆಗಲಿಗೆ ಹೆಗಲು ಕೊಟ್ಟು ತಳ್ತಾರೆ. ನಮ್ಮ ಸ್ಕ್ರಮ್‌ನಲ್ಲಿ ಒಬ್ಬೊಬ್ಬರೇ ನಿನ್ನೆಯ ಲೆಕ್ಕ ಒಪ್ಪಿಸ್ತೀವಿ. ಇನ್ನು 'ಸ್ಪ್ರಿಂಟ್'. ನೂರು ಮೀಟರ್ ಓಡಿದವನು ಗೆರೆ ದಾಟಿದ ಮೇಲೆ ನಿಲ್ತಾನೆ. ನಮಗೆ ಒಂದು ಮುಗಿದ ಮರುದಿನವೇ ಇನ್ನೊಂದು. ವರ್ಷಪೂರ್ತಿ ಓಡಿಸಿ ಅದಕ್ಕೆ ಸ್ಪ್ರಿಂಟ್ ಅನ್ನೋದು ಯಾವ ನ್ಯಾಯ?

ಇಂಗ್ಲಿಷ್ ಪದ ಬೇಡ ಅಂತಲ್ಲ ನನ್ನ ವಾದ. 'ಹ್ಯಾಟ್ರಿಕ್' ನೋಡಿ. 1858ರಲ್ಲಿ ಶೆಫೀಲ್ಡ್‌ನಲ್ಲಿ ಸತತ ಮೂರು ಎಸೆತಕ್ಕೆ ಮೂರು ವಿಕೆಟ್ ಕಿತ್ತ ಎಚ್.ಎಚ್. ಸ್ಟೀಫನ್ಸನ್‌ಗೆ ಜನ ದುಡ್ಡು ಕೂಡಿಸಿ ಟೋಪಿ ಕೊಟ್ಟರು. ಆ ಪದ ಈಗ ಶಿವರಾಜ್‌ಕುಮಾರ್ ಹೆಸರಿನ ಮುಂದೆ ಕೂತಿದೆ, ನಮ್ಮೂರ ಅಜ್ಜಿಯರ ಬಾಯಲ್ಲೂ ಇದೆ. ಅದನ್ನಿಟ್ಕೊಂಡು ಯಾರೂ ಯಾರ ಯೋಗ್ಯತೆಯನ್ನೂ ಅಳೆಯಲ್ಲ.

"ಕನ್ನಡದಲ್ಲಿ ಆಫೀಸಿಗೆ ಬೇಕಾದ ಮಾತೇ ಇಲ್ಲ" ಅನ್ನೋರಿಗೂ ಒಂದು ಮಾತು. ಸೆಡ್ಡು ಹೊಡೆಯೋದು, ತೊಡೆ ತಟ್ಟೋದು, ಪಟ್ಟು ಹಿಡಿಯೋದು, ಮಣ್ಣು ಮುಕ್ಕಿಸೋದು, ಒಬ್ಬರ ಗರಡಿಯಲ್ಲಿ ಪಳಗೋದು, ಇವೆಲ್ಲ ಕುಸ್ತಿ ಕಣದ ಮಾತು. ದಾಳ ಉರುಳಿಸೋದು ಪಗಡೆಯದು. ರಾತ್ರಿಯಿಡೀ ಕೂತು ಬಗ್ ಹುಡುಕಿದವಳಿಗೆ 'ಪಟ್ಟು ಬಿಡದವಳು' ಅನ್ನೋದಕ್ಕಿಂತ ಒಳ್ಳೆ ಮಾತು ಬೇಕಾ?

ಈಗ ಮೀಟಿಂಗ್ ನಡೆಸೋದು ನಾನು. ಹಳ್ಳಿ ಕಡೆಯಿಂದ ಬಂದ ಹೊಸ ಹುಡುಗನಿಗೆ "ಅಂದಾಜು ಎಷ್ಟು ದಿನ ಬೇಕಪ್ಪ?" ಅಂತ ಕೇಳ್ತೀನಿ. ಕನ್ನಡ ಬರದವರಿಗೆ ಅದನ್ನೇ ಸರಳ ಇಂಗ್ಲಿಷಲ್ಲಿ ಕೇಳ್ತೀನಿ. ತಕ್ಷಣ ಉತ್ತರ ಬರುತ್ತೆ. ನಿಮ್ಮ ಟೀಮಲ್ಲೂ ಯಾರೋ ಒಬ್ಬರು ಸುಮ್ಮನೆ ಕೂತಿರ್ತಾರೆ. ಅವರ ಅಪ್ರೈಸಲ್ ಬರೆಯೋ ಮುಂಚೆ, ನೀವು ಕೇಳಿದ ಪ್ರಶ್ನೆ ಅವರಿಗೆ ಅರ್ಥ ಆಗಿತ್ತಾ ಅಂತ ಒಮ್ಮೆ ವಿಚಾರಿಸಿ.