ಎಂಬತ್ತೊಂದು ಮನೆಗಳ ಸಮಸ್ಯೆ

ಮನುಷ್ಯನು ಅನ್ನಕ್ಕಾಗಿ ದುಡಿಯುವ ಜೀವಿ ಮಾತ್ರವಲ್ಲ. ತನಗೆ ತಾನೇ ತೊಡಕುಗಳನ್ನು ಕಲ್ಪಿಸಿಕೊಂಡು, ಅವುಗಳನ್ನು ಬಿಡಿಸಿ ಸಂತೋಷಪಡುವ ಜೀವಿಯೂ ಹೌದು. ನಮ್ಮ ಹಳ್ಳಿಗಳ ಒಗಟು, ಅಳಿಗುಳಿಮಣೆ, ಚೌಕಾಬಾರ, ಹುಲಿಕುರಿಯಾಟಗಳು ಇದಕ್ಕೆ ಸಾಕ್ಷಿ. ಈ ಕುಲಕ್ಕೆ ಇತ್ತೀಚೆಗೆ ಬಂದು ಸೇರಿದ ಕೂಸು ಸುಡೋಕು. ಹೊಸದುರ್ಗದಿಂದಲೋ ಹೊಳಲ್ಕೆರೆಯಿಂದಲೋ ಚಿತ್ರದುರ್ಗಕ್ಕೆ ಹೊರಟ ಬಸ್ಸಿನಲ್ಲಿ, ದಿನಪತ್ರಿಕೆಯನ್ನು ನಾಲ್ಕಾಗಿ ಮಡಿಸಿ, ಪೆನ್ಸಿಲು ಹಿಡಿದು, ಅಂಕಿಗಳ ಚೌಕದಲ್ಲಿ ಮುಳುಗಿಹೋದ ಪ್ರಯಾಣಿಕರು ಕಾಣಸಿಗುತ್ತಾರೆ. ಪಕ್ಕದಲ್ಲಿ ಕುಳಿತ ಯುವಕನು ಅದೇ ಚೌಕವನ್ನು ತನ್ನ ಮೊಬೈಲಿಗೆ ತುಂಬಿ, ಕಣ್ಣು ಮಿಟುಕಿಸುವುದರೊಳಗಾಗಿ ಉತ್ತರವನ್ನು ಪಡೆಯಬಲ್ಲನು. ಹಾಗಾದರೆ ಇವರಿಬ್ಬರಲ್ಲಿ ಸಮಸ್ಯೆಯನ್ನು ಬಿಡಿಸಿದವರು ಯಾರು? ಈ ಪ್ರಶ್ನೆ ಮೇಲ್ನೋಟಕ್ಕೆ ಆಟದ ಪ್ರಶ್ನೆ. ಆಳದಲ್ಲಿ ಅದು ವಿದ್ಯೆಯ ಪ್ರಶ್ನೆ.

ಸುಡೋಕುವಿನ ನಿಯಮ ಬಹು ಸರಳ. ಅಡ್ಡಲಾಗಿ ಒಂಬತ್ತು, ಉದ್ದಕ್ಕೆ ಒಂಬತ್ತು, ಒಟ್ಟು 81 ಮನೆಗಳು. ಅವು ಮೂರು ಮೂರು ಮನೆಗಳ ಅಳತೆಯ ಒಂಬತ್ತು ಕಿರುಚೌಕಗಳಾಗಿ ವಿಂಗಡಗೊಂಡಿವೆ. ಕೆಲವು ಮನೆಗಳಲ್ಲಿ ಅಂಕಿಗಳನ್ನು ಮೊದಲೇ ಕೊಟ್ಟಿರುತ್ತಾರೆ. ಪ್ರತಿಯೊಂದು ಅಡ್ಡಸಾಲಿನಲ್ಲಿಯೂ ಕಂಬಸಾಲಿನಲ್ಲಿಯೂ ಕಿರುಚೌಕದಲ್ಲಿಯೂ 1ರಿಂದ 9ರವರೆಗಿನ ಅಂಕಿಗಳು ಒಂದೊಂದು ಬಾರಿ ಮಾತ್ರ ಬರುವಂತೆ ಉಳಿದ ಮನೆಗಳನ್ನು ತುಂಬಬೇಕು. ಸರಿಯಾಗಿ ರಚಿಸಿದ ಸಮಸ್ಯೆಗೆ ಒಂದೇ ಒಂದು ಉತ್ತರವಿರುತ್ತದೆ. ಕೂಡುವ, ಕಳೆಯುವ ಕೆಲಸ ಇಲ್ಲಿಲ್ಲ, ತರ್ಕವೊಂದೇ ಸಾಧನ.

ಹೆಸರು ಜಪಾನಿನದಾದರೂ ಈ ಆಟದ ಹುಟ್ಟು ಅಮೆರಿಕೆಯಲ್ಲಿ. ಹೊವಾರ್ಡ್ ಗಾರ್ನ್ಸ್ ಎಂಬ ನಿವೃತ್ತ ವಾಸ್ತುಶಿಲ್ಪಿ ರಚಿಸಿದ ಈ ಸಮಸ್ಯೆ 1979ರಲ್ಲಿ ಅಲ್ಲಿನ ಪತ್ರಿಕೆಯೊಂದರಲ್ಲಿ ಮೊದಲು ಅಚ್ಚಾಯಿತು. 1984ರಲ್ಲಿ ಜಪಾನಿನ ನಿಕೋಲಿ ಸಂಸ್ಥೆ ಅದನ್ನು ತನ್ನ ಓದುಗರಿಗೆ ಪರಿಚಯಿಸಿತು. ಹಾಂಕಾಂಗಿನಲ್ಲಿ ನ್ಯಾಯಾಧೀಶರಾಗಿದ್ದ ವೇಯ್ನ್ ಗೌಲ್ಡ್ ಎಂಬವರು 1997ರಲ್ಲಿ ಟೋಕಿಯೋದಲ್ಲಿ ಇದನ್ನು ಕಂಡು ಮನಸೋತರು. ಇಂಥ ಸಮಸ್ಯೆಗಳನ್ನು ತಾನಾಗಿ ರಚಿಸುವ ತಂತ್ರಾಂಶವೊಂದನ್ನು ಸುಮಾರು ಆರು ವರ್ಷ ಶ್ರಮಿಸಿ ಸಿದ್ಧಪಡಿಸಿದರು. 2004ರ ನವೆಂಬರಿನಲ್ಲಿ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆ ಅವರ ಸಮಸ್ಯೆಗಳನ್ನು ಪ್ರಕಟಿಸತೊಡಗಿದ ಮೇಲೆ ಸುಡೋಕು ಜಗತ್ತನ್ನೇ ಸುತ್ತಿತು. ಆದುದರಿಂದ ಪೆನ್ಸಿಲಿನ ಆಟಕ್ಕೂ ಗಣಕಯಂತ್ರಕ್ಕೂ ಹುಟ್ಟುಹಗೆ ಇದೆಯೆಂದು ಭಾವಿಸುವುದು ತಪ್ಪು. ಈ ಆಟವನ್ನು ಮನೆಮನೆಗೆ ತಲುಪಿಸಿದ್ದೇ ಗಣಕಯಂತ್ರ.

ಚೌಕದಲ್ಲಿ ಅಂಕಿಗಳನ್ನು ಹೊಂದಿಸುವ ವಿನೋದ ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳಲ್ಲಿ ಅಪಾರ ಆಸಕ್ತಿಯುಳ್ಳವರು. ಅವರ ‘ಶ್ರೀತತ್ತ್ವನಿಧಿ’ಯ ಕೊನೆಯ ಭಾಗವಾದ ‘ಕೌತುಕನಿಧಿ’ ಇಂಥ ಆಟಗಳಿಗೇ ಮೀಸಲು. ಚದುರಂಗದ ಕುದುರೆಯು ಪ್ರತಿಯೊಂದು ಮನೆಯನ್ನೂ ಒಮ್ಮೆ ಮಾತ್ರ ಮೆಟ್ಟುವಂತೆ ಮಣೆಯನ್ನೆಲ್ಲ ಸುತ್ತಿಬರುವ ಬಂಧಗಳನ್ನು ಅವರು ರಚಿಸಿದರು. ಆ ಕಾಲದಲ್ಲಿ ಯಂತ್ರದ ನೆರವು ಎಲ್ಲಿಯದು? ಕಣ್ಣು, ಕೈ ಮತ್ತು ತಾಳ್ಮೆ ಇವೇ ಅವರ ಉಪಕರಣಗಳು.

ಸುಲಭವಾದ ಸುಡೋಕುವನ್ನು ಬಿಡಿಸುವುದು ಕಷ್ಟವಲ್ಲ. ಒಂದು ಸಾಲಿನಲ್ಲಿ ಎಂಟು ಅಂಕಿಗಳು ಬಂದಿದ್ದರೆ ಒಂಬತ್ತನೆಯದು ತಾನಾಗಿ ತಿಳಿಯುತ್ತದೆ. ಬಲು ಕಠಿನವಾದ ಸಮಸ್ಯೆಯ ಬಗೆಯೇ ಬೇರೆ. ಅಲ್ಲಿ ಯಾವ ಮನೆಯೂ ಬೇಗನೆ ಬಾಯಿ ಬಿಡುವುದಿಲ್ಲ. ಚಿತ್ರದುರ್ಗದ ಏಳುಸುತ್ತಿನ ಕೋಟೆಯಲ್ಲಿ ಒಂದು ಬಾಗಿಲನ್ನು ದಾಟಿದವನಿಗೆ ಮುಂದಿನ ಬಾಗಿಲು ನೇರವಾಗಿ ಕಾಣುವುದಿಲ್ಲ; ತಿರುವುಗಳನ್ನು ಬಳಸಿಕೊಂಡೇ ಹೋಗಬೇಕು. ಕಠಿನ ಸುಡೋಕುವೂ ಹಾಗೆಯೇ. ಒಂದು ಸಾಲಿನ ಎರಡು ಮನೆಗಳಲ್ಲಿ 3 ಅಥವಾ 7 ಮಾತ್ರ ಇರಬಲ್ಲವು ಎಂದುಕೊಳ್ಳೋಣ. ಯಾವುದರಲ್ಲಿ 3, ಯಾವುದರಲ್ಲಿ 7 ಎಂಬುದು ಇನ್ನೂ ತಿಳಿಯದು. ಆದರೂ ಆ ಎರಡು ಅಂಕಿಗಳು ಆ ಸಾಲಿನ ಬೇರೆ ಯಾವ ಮನೆಯಲ್ಲಿಯೂ ಬರಲಾರವು ಎಂಬುದು ನಿಶ್ಚಯ. ಅರ್ಧ ತಿಳಿವಿನಿಂದಲೂ ಪೂರ್ಣ ನಿಶ್ಚಯವೊಂದನ್ನು ಪಡೆಯಬಹುದೆಂಬ ಈ ಪಾಠ ಎಷ್ಟು ಸೊಗಸಾದುದು! ಇಂಥ ಅನೇಕ ಹೆಜ್ಜೆಗಳ ಬಳಿಕ ಎಲ್ಲೋ ಒಂದು ಮೂಲೆಯ ಮನೆ ತೆರೆದುಕೊಳ್ಳುತ್ತದೆ. ಕೋಟೆಯ ಅಳಿವು ಉಳಿವುಗಳು ಓಬವ್ವನು ಕಾದ ಒಂದು ಕಿಂಡಿಯಲ್ಲಿ ಅಡಗಿದ್ದಂತೆ, ಇಡೀ ಚೌಕದ ರಹಸ್ಯ ಆ ಒಂದು ಮನೆಯಲ್ಲಿ ಅಡಗಿರುತ್ತದೆ.

ಗಣಕಯಂತ್ರದ ಮಾರ್ಗ ಬೇರೆ. ಅದು ಮೊದಲ ಖಾಲಿ ಮನೆಯಲ್ಲಿ ಹೊಂದಬಹುದಾದ ಒಂದು ಅಂಕಿಯನ್ನು ಇಟ್ಟು ಮುಂದಿನ ಮನೆಗೆ ಸಾಗುತ್ತದೆ. ಎಲ್ಲಿಯಾದರೂ ನಿಯಮ ಮುರಿದರೆ ಹಿಂದಕ್ಕೆ ಬಂದು ಬೇರೊಂದು ಅಂಕಿಯನ್ನು ಇಟ್ಟು ನೋಡುತ್ತದೆ. ಹೀಗೆ ಸಾವಿರಾರು ಸಲ ಹೋಗಿ ಬಂದರೂ ಅದಕ್ಕೆ ಆಯಾಸವಿಲ್ಲ, ಬೇಸರವಿಲ್ಲ. ಫಿನ್ಲೆಂಡಿನ ಗಣಿತಜ್ಞ ಆರ್ತೊ ಇಂಕಾಲಾ ಅವರು 2012ರಲ್ಲಿ ಪ್ರಕಟಿಸಿದ, ಅತ್ಯಂತ ಕಠಿನವೆಂದು ಹೆಸರಾದ ಸಮಸ್ಯೆಯಲ್ಲಿ ಕೊಟ್ಟಿರುವ ಅಂಕಿಗಳು 21 ಮಾತ್ರ. ನುರಿತವರನ್ನೂ ಗಂಟೆಗಟ್ಟಲೆ ಕಾಡುವ ಆ ಸಮಸ್ಯೆಯನ್ನು ಸಾಧಾರಣ ಗಣಕಯಂತ್ರವೂ ಕ್ಷಣಮಾತ್ರದಲ್ಲಿ ಬಿಡಿಸುತ್ತದೆ. ಯಂತ್ರದ ಈ ಕ್ರಮವನ್ನು ಕುರುಡು ಊಹೆಯೆಂದು ಹಳಿಯುವುದು ನ್ಯಾಯವಲ್ಲ. ಅದು ಒಂದು ದಾರಿಯನ್ನು ತೊರೆಯುವುದು ಆ ದಾರಿ ಮುಚ್ಚಿದೆಯೆಂದು ಪರೀಕ್ಷಿಸಿದ ಮೇಲೆಯೇ.

ಹಾಗಿದ್ದರೆ ಮನುಷ್ಯನು ಕೈಯಿಂದ ಬಿಡಿಸುವುದೇಕೆ ಎಂದು ಕೆಲವರು ಕೇಳುತ್ತಾರೆ. ಮೋಟಾರು ವಾಹನವಿರುವಾಗ ಓಡುವುದೇಕೆ ಎಂದು ಕೇಳಿದಂತೆಯೇ ಇದು. ಓಡುವವನಿಗೆ ಊರು ಸೇರುವುದೊಂದೇ ಗುರಿಯಲ್ಲ. ಅವನ ಕಾಲು ಬಲಿಯುತ್ತದೆ, ಉಸಿರು ಹದಗೊಳ್ಳುತ್ತದೆ. ತುಂಬಿದ ಚೌಕದಿಂದ ಯಾರಿಗೂ ಏನೂ ಪ್ರಯೋಜನವಿಲ್ಲ. ಮರುದಿನ ಆ ಪತ್ರಿಕೆ ರದ್ದಿಗೆ ಸೇರುತ್ತದೆ. ಉಳಿಯುವುದು ಬಿಡಿಸಿದವನಲ್ಲಿ ಬೆಳೆದ ಶಕ್ತಿ. ‘ಇಲ್ಲಿ 5 ಏಕೆ?’ ಎಂದು ಕೇಳಿದರೆ ಕಾರಣ ಹೇಳಬಲ್ಲವನೇ ಬಿಡಿಸಿದವನು. ಕೇವಲ ಉತ್ತರವನ್ನು ನಕಲು ಮಾಡಿದವನ ಬಳಿ ಅಂಕಿಯಿದೆ, ಕಾರಣವಿಲ್ಲ.

ಹಾಗೆಂದ ಮಾತ್ರಕ್ಕೆ ತಂತ್ರಾಂಶವನ್ನು ಮುಟ್ಟಲೇಬಾರದೆಂಬುದು ಜಾಣತನವಲ್ಲ. ಮನುಷ್ಯನ ಆಯುಷ್ಯಕ್ಕೆ ನಿಲುಕದ ಕೆಲಸಗಳಿವೆ. ಕುದುರೆಯ ನಡೆಯ ಕ್ರಮದಲ್ಲಿ ಮನೆಗಳಿಗೆ 1ರಿಂದ 64ರವರೆಗೆ ಅಂಕಿಗಳನ್ನು ಕೊಟ್ಟಾಗ ಸಾಲುಗಳ ಮೊತ್ತವೆಲ್ಲ ಒಂದೇ ಆಗುವ ಬಂಧಗಳುಂಟು. ಎರಡು ಕರ್ಣಗಳ ಮೊತ್ತವೂ ಅಷ್ಟೇ ಆಗುವಂಥದು ಸಾಧ್ಯವೆ ಎಂದು ಗಣಿತಪ್ರಿಯರು ನೂರೈವತ್ತಕ್ಕೂ ಹೆಚ್ಚು ವರ್ಷ ಹುಡುಕಿದರು. ಎಂಟು ಎಂಟರ ಮಣೆಯಲ್ಲಿ ಅದು ಅಸಾಧ್ಯವೆಂದು 2003ರಲ್ಲಿ ಗಣಕಯಂತ್ರಗಳ ಸಮಗ್ರ ಶೋಧನೆಯಿಂದ ಸ್ಥಿರಪಟ್ಟಿತು. ಸುಡೋಕುವಿಗೆ ಕನಿಷ್ಠ ಎಷ್ಟು ಅಂಕಿಗಳನ್ನು ಕೊಟ್ಟಿರಬೇಕೆಂಬ ಪ್ರಶ್ನೆಗೂ ಹೀಗೆಯೇ ಉತ್ತರ ದೊರೆಯಿತು. ಡಬ್ಲಿನ್ನಿನ ಗ್ಯಾರಿ ಮೆಕ್‌ಗೈರ್ ಮತ್ತು ಸಂಗಡಿಗರು 16 ಅಂಕಿಗಳು ಸಾಲವು, 17 ಬೇಕೇಬೇಕು ಎಂದು 2012ರಲ್ಲಿ ತೋರಿಸಿಕೊಟ್ಟರು. ಅವರ ಗಣಕಗಳು ನಡೆಸಿದ ಕೆಲಸವನ್ನು ಒಂದೇ ಗಣಕಕ್ಕೆ ಒಪ್ಪಿಸಿದ್ದರೆ ಅದು ಸುಮಾರು 71 ಲಕ್ಷ ಗಂಟೆ, ಎಂದರೆ ಎಂಟುನೂರು ವರ್ಷಗಳಿಗೂ ಮಿಗಿಲಾಗಿ ದುಡಿಯಬೇಕಾಗುತ್ತಿತ್ತು. ಆದರೆ ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ತುಂಬಿದ ಸುಡೋಕು ಚೌಕಗಳ ಒಟ್ಟು ಸಂಖ್ಯೆ 22 ಅಂಕಿಗಳಷ್ಟು ದೊಡ್ಡದು. ಅವುಗಳಲ್ಲಿ ಒಂದನ್ನು ತಿರುಗಿಸಿ ಅಥವಾ ಅಂಕಿಗಳನ್ನೂ ಸಾಲುಗಳನ್ನೂ ನಿಯಮ ಮುರಿಯದಂತೆ ಅದಲುಬದಲು ಮಾಡಿ ಪಡೆಯಬಹುದಾದವುಗಳನ್ನೆಲ್ಲ ಒಂದೇ ಎಂದು ಎಣಿಸಿದರೆ, ನಿಜವಾಗಿ ಭಿನ್ನವಾದವು ಸುಮಾರು 547 ಕೋಟಿ ಮಾತ್ರವೆಂದು ಗಣಿತಜ್ಞರು ಮೊದಲೇ ಕಂಡುಕೊಂಡಿದ್ದರು. ಹಾಗೆ ದಾರಿಯನ್ನು ಕಿರಿದುಗೊಳಿಸದಿದ್ದರೆ ಯಂತ್ರವೂ ಸೋಲುತ್ತಿತ್ತು. ಮುಂದೆ ನಡೆದದ್ದು ಮನುಷ್ಯನ ಬುದ್ಧಿ. ಹಿಂದೆ ಬಂದದ್ದು ಯಂತ್ರದ ಬಲ.

ಆದುದರಿಂದ ವಿದ್ಯಾರ್ಥಿಯು ತಂತ್ರಾಂಶವನ್ನು ಗುರುವಾಗಿ ಬಳಸಿಕೊಳ್ಳಲಿ, ಕೂಲಿಯಾಳಾಗಿ ಅಲ್ಲ. ಮೊದಲು ತಾನೇ ಸಾಕಷ್ಟು ಹೊತ್ತು ಯತ್ನಿಸಲಿ. ದಾರಿ ಕಾಣದಿದ್ದಾಗ ಪೂರ್ಣ ಉತ್ತರವನ್ನು ಕೇಳದೆ ಒಂದು ಹೆಜ್ಜೆಯ ಸುಳಿವನ್ನು ಮಾತ್ರ ಕೇಳಲಿ. ಆ ಹೆಜ್ಜೆ ಏಕೆ ಸರಿಯೆಂದು ಯೋಚಿಸಲಿ. ಮುಗಿದ ಮೇಲೆ ಯಂತ್ರದ ಉತ್ತರದೊಡನೆ ತನ್ನದನ್ನು ಹೋಲಿಸಿ ನೋಡಲಿ. ಇದಕ್ಕಿಂತಲೂ ಹೆಚ್ಚಿನ ಸಾಹಸವೆಂದರೆ ಸುಡೋಕುವನ್ನು ಬಿಡಿಸುವ ತಂತ್ರಾಂಶವನ್ನು ತಾನೇ ಬರೆಯುವುದು. ಯಂತ್ರಕ್ಕೆ ಕಲಿಸಬೇಕಾದರೆ ತಾನು ಚೆನ್ನಾಗಿ ಕಲಿತಿರಬೇಕು.

ಇದೆಲ್ಲ ಬರಿಯ ಆಟದ ಮಾತಲ್ಲ. ಹಿರಿಯೂರಿನ ಸಮೀಪ ವೇದಾವತಿಗೆ ಅಡ್ಡಲಾಗಿ ನಿಂತಿರುವ ವಾಣಿವಿಲಾಸ ಸಾಗರದ ಕಟ್ಟೆ 1907ರಲ್ಲಿ ಪೂರ್ಣಗೊಂಡಿತು. 1933ರಲ್ಲಿ ಕೋಡಿ ಹರಿದ ಆ ಜಲಾಶಯ, 89 ವರ್ಷಗಳ ಬಳಿಕ 2022ರಲ್ಲಿ ಮತ್ತೆ ತುಂಬಿ ಹರಿದಾಗಲೂ ಕಟ್ಟೆ ಅಚಲವಾಗಿ ನಿಂತಿತ್ತು. ಗಣಕಯಂತ್ರವಿಲ್ಲದ ಕಾಲದಲ್ಲಿ ಅದರ ಲೆಕ್ಕವನ್ನು ಹಾಕಿದವರಿಗೆ ಪ್ರತಿಯೊಂದು ಅಂಕಿಯ ಕಾರಣವೂ ತಿಳಿದಿರಬೇಕಾಗಿತ್ತು. ಇಂದು ಇಂಥ ಲೆಕ್ಕಗಳನ್ನು ಯಂತ್ರವೇ ಮಾಡುತ್ತದೆ, ಅದು ಸರಿಯೇ. ಆದರೆ ತಪ್ಪು ಅಂಕಿಯನ್ನು ತುಂಬಿದರೆ ಯಂತ್ರವು ತಪ್ಪು ಉತ್ತರವನ್ನೂ ಅಷ್ಟೇ ಅಂದವಾಗಿ ಕೊಡುತ್ತದೆ. ‘ಇದು ಹೀಗಿರಲಾರದು’ ಎಂದು ತಡೆದು ನಿಲ್ಲಿಸಬಲ್ಲವನು ಕಾರಣವನ್ನು ಬಲ್ಲ ಮನುಷ್ಯನೊಬ್ಬನೇ. ಚೌಕದಲ್ಲಿ ಊಹಿಸಿ ಬರೆದ ಅಂಕಿಯನ್ನು ರಬ್ಬರಿನಿಂದ ಅಳಿಸಬಹುದು. ಮಳೆ ಕಡಮೆಯಾದ ಈ ಸೀಮೆಯಲ್ಲಿ ಊಹೆಯನ್ನೇ ನಂಬಿ ಕೊಳವೆಬಾವಿ ಕೊರೆಯಿಸಿದ ರೈತನ ಸಾಲವನ್ನು ಯಾವ ರಬ್ಬರು ಅಳಿಸೀತು?

ಉತ್ತರಗಳು ಸುಲಭವಾಗಿ ದೊರೆಯುವ ಕಾಲವಿದು. ಇಂಥ ಕಾಲದಲ್ಲಿ ಕಾರಣವನ್ನು ಕೇಳುವ ಅಭ್ಯಾಸಕ್ಕೆ ಬೆಲೆ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ. ಆ ಅಭ್ಯಾಸವನ್ನು ಎಳೆಯ ವಯಸ್ಸಿನಲ್ಲಿ, ನಷ್ಟದ ಭಯವಿಲ್ಲದೆ, ಒಂದು ಪೆನ್ಸಿಲು ಮತ್ತು ಪತ್ರಿಕೆಯ ಒಂದು ಮೂಲೆಯಿಂದ ಪಡೆಯಲು ಸಾಧ್ಯವಿರುವಾಗ ಅದನ್ನು ಯಂತ್ರಕ್ಕೆ ಬಿಟ್ಟುಕೊಡುವುದು ವಿವೇಕವಲ್ಲ.