ಆ 15 ಪರ್ಸೆಂಟನ್ನು ನೋಟ್‌ಬುಕ್ಕಲ್ಲಿ ಬಚ್ಚಿಡಬೇಡಿ

"ಲಿಗಂಡ್ ಡಿಸೈನ್ ಎಲ್ಲ ಇನ್ಮೇಲೆ ಎಐ ಮಾಡುತ್ತೆ" ಅಂತ ಯಾರಾದರೂ ಹೇಳಿದರೆ ಒಂದೇ ಪ್ರಶ್ನೆ ಕೇಳಿ: ಕೆಟ್ಟುಹೋದ ಪ್ರಯೋಗಗಳ ಡೇಟಾ ಎಲ್ಲಿ? ನಾನು ಡೇಟಾ ಸೈಂಟಿಸ್ಟ್, ಇದೇ ನನ್ನ ಹೊಟ್ಟೆಪಾಡು. ಆದರೂ ಹೇಳ್ತೀನಿ, ಈ ಮಾತಲ್ಲಿ ಅರ್ಧಕ್ಕರ್ಧ ಬಡಾಯಿ.

ಕೆಲವು ಅಣುಗಳು ಎಡಗೈ-ಬಲಗೈ ಇದ್ದ ಹಾಗೆ, ಒಂದರ ಪ್ರತಿಬಿಂಬ ಇನ್ನೊಂದು. ಪಾರ್ಕಿನ್ಸನ್ ಕಾಯಿಲೆಯ ಔಷಧಿ ಎಲ್-ಡೋಪಾ ಒಂದೇ ಕೈಯದ್ದಾಗಿರಬೇಕು. ಅದರ ತಯಾರಿಯಲ್ಲಿ ಇಂಗಾಲದ ಜೋಡಿ ಬಂಧಕ್ಕೆ ಹೈಡ್ರೋಜನ್ ಯಾವ ಮಗ್ಗುಲಿಂದ ಸೇರಬೇಕು ಅನ್ನೋದನ್ನು ತೀರ್ಮಾನಿಸೋದು ರೋಡಿಯಂ ಲೋಹವನ್ನು ಹಿಡಿದುಕೊಂಡಿರುವ ಅಣು. ಅದೇ ಲಿಗಂಡ್.

1968ರಲ್ಲಿ ಮೊನ್ಸಾಂಟೋ ಕಂಪನಿಯ ವಿಲಿಯಂ ನೋಲ್ಸ್ ಇಂಥ ಹೈಡ್ರೋಜನೀಕರಣದ ಮೊದಲ ಫಲಿತಾಂಶ ಪ್ರಕಟಿಸಿದಾಗ ಎರಡು ಕೈಗಳ ನಡುವಿನ ಅಂತರ ಎಷ್ಟಿತ್ತು ಗೊತ್ತಾ? ಬರೀ 15%. ಹೆಚ್ಚುಕಡಿಮೆ 57ಕ್ಕೆ 43. ಕಾರ್ಖಾನೆಗೆ ಬೇಡದ ಅಂಕಿ, ಆದರೂ ಮುಚ್ಚಿಡಲಿಲ್ಲ. ರಂಜಕದ ಸುತ್ತಲಿನ ಗುಂಪುಗಳನ್ನು ಬದಲಿಸುತ್ತಾ ಹೋಗಿ ಕ್ಯಾಂಪ್ ಲಿಗಂಡ್‌ನಲ್ಲಿ 88% ಮುಟ್ಟಿದರು. ಆಮೇಲೆ ಫ್ರಾನ್ಸಿನ ಆನ್ರಿ ಕಗಾನ್ ತೋರಿಸಿದ ಜೋಡಿ ರಂಜಕದ ದಾರಿ ಹಿಡಿದು ಡೈಪ್ಯಾಂಪ್‌ನಲ್ಲಿ 95%. 2001ರಲ್ಲಿ ನೊಬೆಲ್.

ಇನ್ನೊಂದು ಮಜಾ ಇದೆ. ಲೋಹಕ್ಕೆ ಆಲ್ಕೀನ್ ಚೆನ್ನಾಗಿ ಕೂತಿರುವ ರೂಪದಿಂದಲೇ ನಮಗೆ ಬೇಕಾದ ಅಣು ಬರುತ್ತೆ ಅಂತ ನಾವು ಅಂದುಕೊಳ್ತೀವಿ, ಬೀಗಕ್ಕೆ ಕೀಲಿಕೈ ಕೂತ ಹಾಗೆ. ಇಂಥದ್ದೇ ರೋಡಿಯಂ ಕ್ರಿಯೆಗಳಲ್ಲಿ ಜ್ಯಾಕ್ ಹಾಲ್ಪರ್ನ್ ಕಂಡದ್ದು ಉಲ್ಟಾ: ಮುಖ್ಯ ಉತ್ಪನ್ನ ಬಂದದ್ದು ಸರಿಯಾಗಿ ಕೂರದ, ತೀರಾ ಕಡಿಮೆ ಇರುವ ರೂಪದಿಂದ. ಅದು ಹೈಡ್ರೋಜನ್ ಜೊತೆ ಅಷ್ಟು ಬೇಗ ಕ್ರಿಯೆ ನಡೆಸುತ್ತೆ! ಹಾಗಾಗಿ ಸ್ಥಿರ ರೂಪದ ಚಿತ್ರ ಮಾತ್ರ ನೋಡಿ ಕಲಿತ ಮಾಡೆಲ್, ಆತ್ಮವಿಶ್ವಾಸದಿಂದಲೇ ತಪ್ಪು ಕೈ ತೋರಿಸಬಹುದು. ಕೋಣೆಯ ಉಷ್ಣತೆಯಲ್ಲಿ 95% ಬರಲು ಎರಡು ದಾರಿಗಳ ನಡುವೆ ಬೇಕಾದ ಶಕ್ತಿಯ ವ್ಯತ್ಯಾಸ ಮೋಲ್‌ಗೆ ಸುಮಾರು 2 ಕಿಲೋಕ್ಯಾಲರಿ ಅಷ್ಟೇ. ನಮ್ಮ ಲೆಕ್ಕಾಚಾರದ ತಪ್ಪೇ ಎಷ್ಟೋ ಸಲ ಅಷ್ಟಿರುತ್ತೆ.

ಒಮ್ಮೆ ನನ್ನ ಕೈಗೆ ಬಂದ ಫೈಲಿನಲ್ಲಿ ಬಹುಪಾಲು ಅಂಕಿಗಳು 90ರ ಮೇಲೇ. ಮಾಡೆಲ್ ಪಾಪ ಯಾವ ಲಿಗಂಡ್ ಕೊಟ್ಟರೂ "ಸೂಪರ್" ಅಂತಿತ್ತು. ಕೆಟ್ಟ ಫಲಿತಾಂಶ ಎಲ್ಲಿ ಅಂತ ಕೇಳಿದರೆ, "ಅದು ನೋಟ್‌ಬುಕ್ಕಲ್ಲಿದೆ, ಯಾರಿಗೆ ಬೇಕು?" ಅಂದರು. ನನಗೆ ಬೇಕಾಗಿದ್ದು ಅದೇ ಆಗಿತ್ತು.

ಪ್ರತಿಸ್ಪರ್ಧಿಗಳಿಗೆ ಸುಳಿವು ಸಿಗುತ್ತೆ ಅನ್ನೋರು ಇದ್ದಾರೆ. ಸಿಗಲಿ ಬಿಡಿ, ಕಗಾನ್ ದಾರಿಯಿಂದ ನೋಲ್ಸ್‌ಗೆ ಸಿಕ್ಕ ಹಾಗೆ. ನಿಮ್ಮಲ್ಲಿ ಯಾರಾದರೂ ಇಲ್ಲಿನ ಕೆಮಿಸ್ಟ್ರಿ ಲ್ಯಾಬುಗಳಲ್ಲಿ ಪಿಎಚ್‌ಡಿ ಮಾಡ್ತಿದ್ದರೆ, ಮುಂದಿನ ಪೇಪರಿನ ಅನುಬಂಧದಲ್ಲಿ ಆ 12%, ಆ ಸೊನ್ನೆ, ದ್ರಾವಕ, ಒತ್ತಡ, ಉಷ್ಣತೆ ಎಲ್ಲವನ್ನೂ ಹಾಕಿ. ಗೈಡ್ ಬೇಡ ಅಂದರೆ ನೋಲ್ಸ್ ಅವರ 1968ರ ಪೇಪರನ್ನು ಪ್ರಿಂಟ್ ತೆಗೆದು ಅವರ ಮೇಜಿನ ಮೇಲಿಡಿ.