ಎತ್ತಿದ ಹೆಜ್ಜೆ

ರಾಜಗೃಹದ ಶ್ರೇಣಿಕ ಮಹಾರಾಜನ ಮಗ ಮೇಘಕುಮಾರ. ದೀಕ್ಷೆ ಪಡೆದ ಮೊದಲ ರಾತ್ರಿಯೇ ಅವನ ಮನಸ್ಸು ಕದಡಿತು. ಹೋಗಿಬರುವ ಮುನಿಗಳ ಕಾಲು ತಾಗಿ ನಿದ್ರೆ ಬಾರದೆ, ಬೆಳಗಾದರೆ ಅರಮನೆಗೆ ಮರಳುವುದೆಂದು ನಿಶ್ಚಯಿಸಿದ. ಆಗ ಭಗವಾನ್ ಮಹಾವೀರರು ಅವನದೇ ಪೂರ್ವಜನ್ಮವನ್ನು ಅವನಿಗೆ ನೆನಪಿಸಿದರೆಂದು ಜ್ಞಾತೃಧರ್ಮಕಥಾ ಆಗಮವು ಹೇಳುತ್ತದೆ. ಆ ಜನ್ಮದಲ್ಲಿ ಅವನು ಆನೆಯಾಗಿದ್ದ. ಕಾಡ್ಗಿಚ್ಚು ಹಬ್ಬಿದಾಗ ಆನೆ ಮೊದಲೇ ಹಸನು ಮಾಡಿಟ್ಟಿದ್ದ ಬಯಲಿಗೆ ಕಾಡಿನ ಪ್ರಾಣಿಗಳೆಲ್ಲ ಬಂದು ಕಿಕ್ಕಿರಿದವು. ಮೈ ತುರಿಸಿಕೊಳ್ಳಲು ಆನೆ ಒಂದು ಕಾಲೆತ್ತಿದಾಗ ಆ ತೆರವಿನಲ್ಲಿ ಮೊಲವೊಂದು ಬಂದು ಕುಳಿತಿತು. ಬೆಂಕಿ ಆರುವವರೆಗೆ, ಎರಡೂವರೆ ದಿನ, ಆನೆ ಆ ಕಾಲನ್ನು ಕೆಳಗಿಡಲಿಲ್ಲ. ಪ್ರಾಣಿಗಳೆಲ್ಲ ಚದುರಿದ ಮೇಲೆ ಕಾಲು ಇಳಿಸಲು ಹೋಗಿ, ಮರಗಟ್ಟಿದ ದೇಹ ಕುಸಿಯಿತು. ಆ ದಯೆಯ ಫಲವೇ ಮನುಷ್ಯಜನ್ಮ.

ಈ ಕಥೆಯ ಆನೆ ಮೊಲಕ್ಕೆ ಆಹಾರ ಕೊಡಲಿಲ್ಲ, ಔಷಧ ಕೊಡಲಿಲ್ಲ. ಅದು ಕೊಟ್ಟದ್ದು ಒಂದು ಹೆಜ್ಜೆಯಷ್ಟು ಜಾಗ ಮಾತ್ರ. ತನ್ನದಾಗಿದ್ದ ನೆಲವನ್ನು ಇನ್ನೊಂದು ಜೀವಕ್ಕಾಗಿ ಬಿಟ್ಟುಕೊಡುವುದು ಅಹಿಂಸೆಯ ಬಹು ದೊಡ್ಡ ರೂಪವೆಂಬುದನ್ನು ಆಫ್ರಿಕಾ ಖಂಡದ ಕಾಡು ಮತ್ತು ಕಡಲಿನಲ್ಲಿ ನಡೆದಿರುವ ಇತ್ತೀಚಿನ ಸಂಶೋಧನೆಗಳು ಬೇರೆಯೇ ದಾರಿಯಲ್ಲಿ ತೋರಿಸಿಕೊಡುತ್ತಿವೆ.

ಶ್ರಾವಕನ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರವು ಹೆಸರಿಸುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಅನ್ನನೀರು ತಡೆಯುವುದು. ಪ್ರಾಣ ತೆಗೆಯುವುದೊಂದೇ ಹಿಂಸೆಯಲ್ಲ ಎಂಬುದು ಈ ಪಟ್ಟಿಯ ತಿರುಳು. ಆಚಾರ್ಯರು ಇದನ್ನು ಹೇಳುವಾಗ ಗೃಹಸ್ಥನ ಕೈಕೆಳಗಿರುವ ದನಕರುಗಳು, ಆಳುಕಾಳುಗಳು ಕಣ್ಣಮುಂದೆ ಇದ್ದಿರಬಹುದು. ಇಂದು ಮನುಷ್ಯನ ಕೈ ಹಟ್ಟಿಯನ್ನು ದಾಟಿ ದಟ್ಟ ಕಾಡನ್ನೂ ನಡುಗಡಲನ್ನೂ ಮುಟ್ಟಿದೆ. ಕೈ ಎಷ್ಟು ದೂರ ಚಾಚುತ್ತದೆಯೋ ವ್ರತವೂ ಅಷ್ಟು ದೂರ ಚಾಚಬೇಕು.

ಮೊಜಾಂಬಿಕ್ ದೇಶದ ಗೊರೊಂಗೊಸಾ ರಾಷ್ಟ್ರೀಯ ಉದ್ಯಾನವನ್ನು ನೋಡಬಹುದು. 1977ರಿಂದ 1992ರವರೆಗೆ ಆ ದೇಶದಲ್ಲಿ ಅಂತರ್ಯುದ್ಧ ನಡೆಯಿತು. ಮಾಂಸಕ್ಕಾಗಿ, ದಂತಕ್ಕಾಗಿ ಎರಡೂ ಕಡೆಯ ಸೈನಿಕರು ಆನೆಗಳನ್ನು ಕೊಂದರು. 1972ರಲ್ಲಿ 2,500ಕ್ಕೂ ಹೆಚ್ಚಿದ್ದ ಆನೆಗಳು 2000ದ ಹೊತ್ತಿಗೆ 250ಕ್ಕಿಂತ ಕಡಿಮೆಯಾದವು. ಉಳಿದವುಗಳನ್ನು ಗಮನಿಸಿದ ವಿಜ್ಞಾನಿಗಳಿಗೆ ಇನ್ನೊಂದು ಸಂಗತಿ ಕಾಣಿಸಿತು. ಯುದ್ಧಕ್ಕೆ ಮೊದಲು ಹೆಣ್ಣಾನೆಗಳಲ್ಲಿ ಶೇ 18.5ರಷ್ಟು ದಂತವಿಲ್ಲದವು, ಯುದ್ಧದ ನಂತರ ಆ ಪ್ರಮಾಣ ಶೇ 50.9ಕ್ಕೆ ಏರಿತ್ತು. ದಂತವಿದ್ದವು ಗುಂಡಿಗೆ ಬಲಿಯಾದವು. ದಂತವಿಲ್ಲದವು ಉಳಿದು ಮರಿ ಹಾಕಿದವು. ಯುದ್ಧ ಮುಗಿದ ಮೇಲೆ ಹುಟ್ಟಿದ ಹೆಣ್ಣುಮರಿಗಳಲ್ಲೂ ಅನೇಕವು ದಂತವಿಲ್ಲದೆಯೇ ಬೆಳೆದವು. ಈ ಗುಣ ತಾಯಿಯಿಂದ ಬಂದ ಗಂಡುಮರಿ ಹುಟ್ಟುವ ಮೊದಲೇ ಅಳಿಯುತ್ತದೆ ಎಂಬುದನ್ನು 2021ರಲ್ಲಿ ಪ್ರಕಟವಾದ ಅಧ್ಯಯನದ ಸಾಕ್ಷ್ಯಗಳು ಸೂಚಿಸುತ್ತವೆ.

ಆನೆಗೆ ದಂತವು ಅಲಂಕಾರವಲ್ಲ. ಅದರಿಂದಲೇ ಅದು ನೆಲ ಅಗೆದು ನೀರು ಹುಡುಕುತ್ತದೆ, ಮರದ ತೊಗಟೆ ಸುಲಿಯುತ್ತದೆ. ಆನೆ ಅಗೆದ ಗುಂಡಿಯಲ್ಲಿ ಬೇರೆ ಪ್ರಾಣಿಗಳೂ ನೀರು ಕುಡಿಯುತ್ತವೆ. ದಂತ ಇಲ್ಲವಾದಾಗ ಕಾಡಿನ ಪರಸ್ಪರೋಪಗ್ರಹದ ಒಂದು ಎಳೆಯೇ ಕಳಚುತ್ತದೆ. ಕರ್ಮಸಿದ್ಧಾಂತವನ್ನೂ ವಂಶವಾಹಿಯ ವಿಜ್ಞಾನವನ್ನೂ ಬಲವಂತವಾಗಿ ಒಂದೇ ಗಂಟಿಗೆ ಕಟ್ಟಬೇಕಿಲ್ಲ, ಕರ್ಮಬಂಧವಾಗುವುದು ಹಿಂಸಿಸಿದವನಿಗೆ. ಆದರೂ ಈ ಅಧ್ಯಯನ ಒಂದು ಮಾತನ್ನು ಸ್ಪಷ್ಟಪಡಿಸುತ್ತದೆ. ಬಂದೂಕು ಸುಮ್ಮನಾದ ದಿನ ಹಿಂಸೆ ಮುಗಿಯಲಿಲ್ಲ. ಇನ್ನೂ ಹುಟ್ಟದಿದ್ದ ಮರಿಯ ಅಂಗಕ್ಕೂ ಅದು ತಟ್ಟಿತು. ಛೇದವೆಂಬ ಅತಿಚಾರಕ್ಕೆ ಇದಕ್ಕಿಂತ ದೀರ್ಘವಾದ ನೆರಳು ಇರಲಾರದು.

ಗೊರೊಂಗೊಸಾದಲ್ಲಿ ಅಂಗವನ್ನೇ ಅಳಿಸಿದ ಹಿಂಸೆ ಕಂಡರೆ, ಅದೇ ಖಂಡದ ದಕ್ಷಿಣ ತುದಿಯ ಕಡಲಿನಲ್ಲಿ ಅನ್ನವನ್ನು ತಡೆದ ಹಿಂಸೆ ಕಾಣುತ್ತದೆ. ಆಫ್ರಿಕನ್ ಪೆಂಗ್ವಿನ್ ದಕ್ಷಿಣ ಆಫ್ರಿಕಾ ಮತ್ತು ನಮೀಬಿಯಾದ ತೀರದ ಹಕ್ಕಿ. ತೀರದ ದ್ವೀಪಗಳಲ್ಲಿ ಶತಮಾನಗಳಿಂದ ಹಕ್ಕಿಹಿಕ್ಕೆ ದಪ್ಪವಾಗಿ ಶೇಖರವಾಗಿತ್ತು. ಅದರಲ್ಲೇ ಬಿಲ ತೋಡಿ ಪೆಂಗ್ವಿನ್ ಮರಿಮಾಡುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಗೊಬ್ಬರದ ವ್ಯಾಪಾರಿಗಳು ಅದನ್ನು ಬಂಡೆ ಕಾಣುವವರೆಗೆ ಕೆರೆದು ಒಯ್ದರು. ಬಿಲ ಹೋದ ಮೇಲೆ ಮೊಟ್ಟೆಮರಿಗಳು ಸುಡುಬಿಸಿಲಿಗೆ ಬಿದ್ದವು. ಮೊಟ್ಟೆಗಳನ್ನೂ ಇಪ್ಪತ್ತನೆಯ ಶತಮಾನದ ಮಧ್ಯದವರೆಗೆ ರಾಶಿರಾಶಿಯಾಗಿ ಆಯ್ದು ಮಾರಲಾಯಿತು. ಅವೆರಡೂ ನಿಂತ ಮೇಲೂ ಹಕ್ಕಿಗಳ ಸಂಖ್ಯೆ ಇಳಿಯುತ್ತಲೇ ಹೋಯಿತು. ಈಗ ಉಳಿದಿರುವುದು 10,000ಕ್ಕಿಂತ ಕಡಿಮೆ ಜೋಡಿ. 2024ರಲ್ಲಿ ಇದನ್ನು ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು.

ಯಾರೂ ಈ ಹಕ್ಕಿಯನ್ನು ಗುಂಡಿಟ್ಟು ಕೊಲ್ಲುತ್ತಿಲ್ಲ. ಇದರ ಆಹಾರ ಸಾರ್ಡಿನ್ ಮತ್ತು ಆಂಚೊವಿ ಎಂಬ ಸಣ್ಣ ಮೀನು. ಕಡಲಿನ ಹವೆ ಬದಲಾಗಿ ಆ ಮೀನು ದೂರ ಸರಿದಿದೆ; ಉಳಿದದ್ದರ ಮೇಲೆ ದೊಡ್ಡ ದೋಣಿಗಳ ಬಲೆ ಬೀಳುತ್ತದೆ. ಪೆಂಗ್ವಿನ್ ವರ್ಷಕ್ಕೊಮ್ಮೆ ತನ್ನ ಗರಿಗಳನ್ನೆಲ್ಲ ಉದುರಿಸುತ್ತದೆ. ಸುಮಾರು ಮೂರು ವಾರ ಅದು ನೀರಿಗಿಳಿಯಲಾರದು; ನೆಲದ ಮೇಲೆ ನಿರಾಹಾರವಾಗಿ ನಿಂತಿರುತ್ತದೆ. ಅದಕ್ಕೆ ಮೊದಲು ಹೊಟ್ಟೆತುಂಬ ತಿಂದು ಮೈಗೂಡಿಸಿಕೊಂಡಿರದಿದ್ದರೆ ಅದು ಆ ಉಪವಾಸದಿಂದ ಏಳುವುದಿಲ್ಲ. ದಶಲಕ್ಷಣ ಪರ್ವದಲ್ಲಿ ಶ್ರಾವಕ ಶ್ರಾವಿಕೆಯರು ಕೈಗೊಳ್ಳುವ ಉಪವಾಸ ಸ್ವಂತ ಸಂಕಲ್ಪದ್ದು, ಪಾರಣೆಯ ದಿನ ಗೊತ್ತಿರುವಂಥದ್ದು. ಹಕ್ಕಿಗೆ ಸಂಕಲ್ಪವೂ ಇಲ್ಲ, ಪಾರಣೆಯ ಭರವಸೆಯೂ ಇಲ್ಲ. ಅನ್ನಪಾನನಿರೋಧವೆಂಬ ಅತಿಚಾರವನ್ನು ಒಂದು ಇಡೀ ಕಡಲಿನ ಅಳತೆಯಲ್ಲಿ ಕಾಣುವುದಾದರೆ ಅದು ಇಲ್ಲಿದೆ.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಮೀನೂ ಪಂಚೇಂದ್ರಿಯ ಜೀವವೇ ಅಲ್ಲವೇ? ಹಕ್ಕಿಗಾಗಿ ಮೀನನ್ನು ಉಳಿಸುವುದು ಯಾವ ಅಹಿಂಸೆ? ಪ್ರಶ್ನೆ ನ್ಯಾಯವಾದುದು, ತಿರ್ಯಂಚಗತಿಯ ದುಃಖವನ್ನು ಜಿನಧರ್ಮ ಎಂದೂ ಮರೆಮಾಚಿಲ್ಲ. ಆದರೆ ಪ್ರಮಾದದಿಂದ ಪ್ರಾಣಕ್ಕೆ ಹಾನಿ ತರುವುದೇ ಹಿಂಸೆಯೆಂಬ ಶಾಸ್ತ್ರದ ಲಕ್ಷಣವನ್ನು ನೆನೆದರೆ ವ್ಯತ್ಯಾಸ ಹೊಳೆಯುತ್ತದೆ. ಹಕ್ಕಿಗೆ ಬೇರೆ ಆಹಾರವಿಲ್ಲ, ಹೊಟ್ಟೆ ತುಂಬಿದ ಮೇಲೆ ಅದು ಕೂಡಿಡುವುದೂ ಇಲ್ಲ. ವಿವೇಕವೂ ಆಯ್ಕೆಯೂ ಇದ್ದು, ಸಾಕೆನ್ನದೆ ಬಾಚುವವನು ಮನುಷ್ಯ. ಸಂಯಮದ ಹೊಣೆ ಅವನದೇ.

ಆ ಸಂಯಮಕ್ಕೆ ದಾರಿಮಾಡಿದ್ದು ತಾಳ್ಮೆಯ ಸಂಶೋಧನೆ. 2008ರಿಂದ ದಕ್ಷಿಣ ಆಫ್ರಿಕಾದಲ್ಲಿ ಕೆಲವು ದ್ವೀಪಗಳ ಸುತ್ತ ಸರದಿಯಂತೆ ಮೀನುಗಾರಿಕೆಯನ್ನು ನಿಲ್ಲಿಸಿ, ಹಕ್ಕಿಗಳ ಸ್ಥಿತಿಯನ್ನು ವರ್ಷವರ್ಷವೂ ಅಳೆಯಲಾಯಿತು. ಫಲಿತಾಂಶದ ಅರ್ಥವೇನೆಂದು ಹಕ್ಕಿಗಳ ಪಕ್ಷದವರಿಗೂ ಮೀನುಗಾರಿಕೆಯ ಪಕ್ಷದವರಿಗೂ ದೀರ್ಘ ವಾದ ನಡೆಯಿತು. ದೋಣಿ ನಂಬಿದ ಕುಟುಂಬಗಳ ಅನ್ನವೂ ಅನ್ನವೇ. ಆ ನೋಟವನ್ನು ಸುಳ್ಳೆಂದು ತಳ್ಳುವಂತಿರಲಿಲ್ಲ. ಕೊನೆಗೆ 2025ರ ಮಾರ್ಚ್‌ನಲ್ಲಿ ಎರಡೂ ಪಕ್ಷಗಳು ಒಪ್ಪಿ, ನ್ಯಾಯಾಲಯದ ಆದೇಶದ ಮೂಲಕ ಆರು ಪ್ರಮುಖ ನೆಲೆಗಳ ಸುತ್ತ ದೊಡ್ಡ ದೋಣಿಗಳ ಮೀನುಗಾರಿಕೆಗೆ ಗಡಿ ಹಾಕಿಕೊಂಡವು. ಇದು ಪೂರ್ಣ ಅಹಿಂಸೆಯಲ್ಲ, ಮಹಾವ್ರತವಲ್ಲ. ಆದರೆ ಅಣುವ್ರತದ ಸ್ವರೂಪವೇ ಮಿತಿ ಹಾಕಿಕೊಳ್ಳುವುದು. ಪರಸ್ಪರರ ನೋಟಗಳನ್ನು ಕೇಳಿಸಿಕೊಂಡು ಒಂದು ಮಿತಿಗೆ ಬಂದು ನಿಲ್ಲುವುದು ಅನೇಕಾಂತದ ವ್ಯಾವಹಾರಿಕ ರೂಪ.

ಮೀನು ತಿನ್ನದ, ದಂತ ಕೊಳ್ಳದ ಶ್ರಾವಕನಿಗೆ ಇದರಿಂದೇನು ಎಂದು ಕೇಳಬಹುದು. ಕೃತ, ಕಾರಿತ, ಅನುಮೋದಿತ ಎಂದು ಪಾಪಾಸ್ರವಕ್ಕೆ ಮೂರು ಬಾಗಿಲುಗಳನ್ನು ಶಾಸ್ತ್ರ ತೋರಿಸಿದೆ. ಆಂಚೊವಿಯಂಥ ಮೀನಿನ ಬಹುಭಾಗ ಊಟದ ತಟ್ಟೆಗೆ ಹೋಗುವುದಿಲ್ಲ. ಹಿಟ್ಟಾಗಿ, ಎಣ್ಣೆಯಾಗಿ ಪಶು ಆಹಾರಕ್ಕೂ ಗುಳಿಗೆಗಳಿಗೂ ಸೇರುತ್ತದೆ. ಮಾಂಸಾಹಾರ ಬಿಟ್ಟ ಮನೆಗೂ ಅದು ಹೆಸರಿಲ್ಲದೆ ಬರಬಲ್ಲದು. ಬೇಡಿಕೆ ನಿಂತರೆ ಕೈ ನಿಲ್ಲುತ್ತದೆ ಎಂಬುದಕ್ಕೂ ನಿದರ್ಶನವಿದೆ. ಭಾರತವು 1991ರಲ್ಲಿ ಆಫ್ರಿಕಾದ ಆನೆದಂತದ ವ್ಯಾಪಾರವನ್ನೂ ನಿಷೇಧಿಸಿತು. ಮೈಸೂರಿನ ಬೀಟೆಮರದ ಕುಸುರಿಯಲ್ಲಿ ಒಂದು ಕಾಲಕ್ಕೆ ದಂತವಿದ್ದ ಜಾಗದಲ್ಲಿ ಈಗ ಪ್ಲಾಸ್ಟಿಕ್ ಇದೆ. ಕುಸುರಿಯ ಕಲೆ ಅದರಿಂದ ಸಾಯಲಿಲ್ಲ.

ಅರಿವಿಲ್ಲದ ದಯೆ ದಾರಿ ಕಾಣದು ಎಂಬುದು ಆಗಮಗಳ ಎಚ್ಚರಿಕೆ. ಪಂಜರದ ಹಕ್ಕಿಯನ್ನು ಬಿಡಿಸುವುದು, ಗೋಶಾಲೆಗೆ ಮೇವು ಕೊಡುವುದು ಪುಣ್ಯದ ಕೆಲಸವೇ. ಆದರೆ ಜೀವದಯೆಯ ಹೆಸರಿನ ದಾನವೆಲ್ಲ ಅಷ್ಟಕ್ಕೇ ನಿಲ್ಲಬೇಕಿಲ್ಲ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಅಭಯವೂ ಶಾಸ್ತ್ರವೂ ಕೂಡುವ ಸ್ಥಳವೊಂದಿದೆ. ಯಾವ ಜೀವ ಯಾವುದನ್ನು ಆಧರಿಸಿ ಬದುಕಿದೆ, ಎಲ್ಲಿ ಅದರ ಅನ್ನ ತಪ್ಪುತ್ತಿದೆ ಎಂಬುದನ್ನು ಕಾಡಿನಲ್ಲಿ ಕಡಲಿನಲ್ಲಿ ಕುಳಿತು ಅರಿಯುವವರಿಗೆ ನೆರವಾಗುವುದೂ ಶಾಸ್ತ್ರದಾನ. ಆ ಅರಿವಿನಂತೆ ಒಂದು ನೆಲೆಯನ್ನು ಮುಟ್ಟದೆ ಬಿಡುವುದು ಅಭಯದಾನ. ಬಸದಿಗಳ, ಸಮಾಜಗಳ ಜೀವದಯಾ ನಿಧಿಗಳು ಈ ದಿಕ್ಕಿಗೂ ಹರಿಯುವುದು ಇಂದಿನ ಅಗತ್ಯ.

ಬಿಟ್ಟುಕೊಟ್ಟಲ್ಲಿ ಬದುಕು ಮರಳುತ್ತದೆ. ಬರಿದಾಗಿದ್ದ ಗೊರೊಂಗೊಸಾದ ಹುಲ್ಲುಗಾವಲಿನಲ್ಲಿ 2018ರ ಗಣತಿಯ ಹೊತ್ತಿಗೆ ವಾಟರ್‌ಬಕ್ ಎಂಬ ಒಂದೇ ಜಾತಿಯ ಜಿಂಕೆಯಂಥ ಪ್ರಾಣಿಗಳು ಐವತ್ತು ಸಾವಿರವನ್ನು ಮೀರಿದ್ದವು. ಆನೆಗಳೂ ಹೆಚ್ಚುತ್ತಿವೆ. ಕೊಲ್ಲುವ ಕೈ ಹಿಂದೆ ಸರಿದರೆ ದಂತದ ಆನೆಗಳೂ ಕ್ರಮೇಣ ಹೆಚ್ಚಬಹುದೆಂದು ವಿಜ್ಞಾನಿಗಳು ಹೇಳುತ್ತಾರೆ. ಆದರೆ ಅದಕ್ಕೆ ತಲೆಮಾರುಗಳು ಬೇಕು. ಮೇಘಕುಮಾರನ ಪೂರ್ವಜನ್ಮದ ಆನೆ ಬೆಂಕಿ ಆರುವವರೆಗೆ ಕಾಲು ಇಳಿಸಲಿಲ್ಲ. ಕಾಡಿಗೂ ಕಡಲಿಗೂ ಮನುಷ್ಯ ಹಚ್ಚಿದ ಬೆಂಕಿ ಇನ್ನೂ ಆರಿಲ್ಲ. ಎತ್ತಿದ ಹೆಜ್ಜೆಯನ್ನು ಎತ್ತಿಯೇ ಹಿಡಿಯಬೇಕಾದ ಕಾಲವಿದು.